ಹತ್ತಿ ಬೆಳೆಯದ ಊರಿನ ಹತ್ತಿ ರಸ್ತೆ: ಕುಮಟಾ–ತಡಸ ಹೆದ್ದಾರಿಯ ಒಂದು ಪ್ರಕರಣ ಅಧ್ಯಯನ

ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಕರಾವಳಿಯ ಮಳೆಯಲ್ಲಿ ಹತ್ತಿ ಗಿಡ ನಿಲ್ಲುವುದೇ ಇಲ್ಲ. ಆದರೂ ಹತ್ತೊಂಬತ್ತನೇ ಶತಮಾನದ ಮುಂಬೈ ಪೇಟೆಯಲ್ಲಿ, ಲಿವರ್‌ಪೂಲಿನ ದರಪಟ್ಟಿಯಲ್ಲಿ ‘ಕುಮಟಾ’ ಎಂದರೆ ಒಂದು ಬಗೆಯ ಹತ್ತಿ. ಧಾರವಾಡದ ಕರಿಮಣ್ಣಿನ ಎರೆಹೊಲಗಳಲ್ಲಿ ಬೆಳೆದ ಜವಾರಿ ಹತ್ತಿಗೆ ಅದು ಹಡಗು ಹತ್ತಿದ ಬಂದರಿನ ಹೆಸರು ಅಂಟಿಕೊಂಡಿತು. ಹೊಲಕ್ಕೂ ಬಂದರಿಗೂ ನಡುವೆ ಸಹ್ಯಾದ್ರಿ ಅಡ್ಡ ನಿಂತಿದೆ. ಅದನ್ನು ದಾಟಿಸಿದ್ದು ದೇವಿಮನೆ ಘಟ್ಟದ ರಸ್ತೆ.

ನಾನು ಶಿರಸಿಯವನು. ನನ್ನ ಸೋದರತ್ತೆಯ ಮನೆ ಕುಮಟಾದಲ್ಲಿ. ಹಾಗಾಗಿ ಈ ರಸ್ತೆ ನನಗೆ ಮೊದಲು ಪರಿಚಯವಾದದ್ದು ಬೇಸಿಗೆ ರಜೆಯ ಬಸ್ಸಿನ ಕಿಟಕಿಯಿಂದ. ಇದರ ಇತಿಹಾಸವನ್ನು ಹುಡುಕಿ ಓದತೊಡಗಿದ್ದು ತೀರಾ ಈಚೆಗೆ, ಘಟ್ಟ ಮತ್ತೆ ಮತ್ತೆ ಮುಚ್ಚಲು ಶುರುವಾದ ಮೇಲೆ. ಓದುತ್ತ ಹೋದಂತೆ ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಯಿತು. ಈ ರಸ್ತೆಗೆ ದೊಡ್ಡ ದುಡ್ಡು ಬಂದಾಗಲೆಲ್ಲ ಅದು ಬಂದದ್ದು ಯಾವುದೋ ಬಂದರಿನ ಹೆಸರಿನಲ್ಲಿ. ರಸ್ತೆಯನ್ನು ಉಳಿಸಿಕೊಂಡು ಬಂದವರು ಮಾತ್ರ ಬೇರೆಯೇ ಜನ, ಬೇರೆಯೇ ಕೆಲಸಗಳು.

ದಾರಿ

ಬಹಳ ವರ್ಷ ಇದನ್ನು ಕರೆಯುತ್ತಿದ್ದದ್ದು ಕುಮಟಾ–ತಡಸ ರಾಜ್ಯ ಹೆದ್ದಾರಿ, ಸಂಖ್ಯೆ 69. ಕುಮಟಾದಿಂದ ಉತ್ತರಕ್ಕೆ ಕರಾವಳಿ ಹೆದ್ದಾರಿಯಲ್ಲಿ ಸ್ವಲ್ಪ ದೂರ ಹೋದರೆ ಅಘನಾಶಿನಿಯ ದಂಡೆಯ ದೀವಗಿ ಸಿಗುತ್ತದೆ. ಅಲ್ಲಿ ಬಲಕ್ಕೆ ತಿರುಗಿದರೆ ಶಿರಸಿ ದಾರಿ. ಮೊದಲಿಗೆ ಗದ್ದೆ, ತೆಂಗು, ಹೊಳೆ. ಕತಗಾಲದ ಹತ್ತಿರ ಚಂಡಿಕಾ ಹೊಳೆ ಬರುತ್ತದೆ. ಇಲ್ಲಿಂದ ಮುಂದೆ ನೆಲ ಏರತೊಡಗಿ, ಕಾಡು ಎರಡೂ ಕಡೆಯಿಂದ ಹತ್ತಿರವಾಗುತ್ತದೆ. ಯಾಣಕ್ಕೆ ಹೋಗುವವರು ಘಟ್ಟ ಹತ್ತುವ ಮೊದಲೇ ಬೇರೆ ದಾರಿ ಹಿಡಿಯುತ್ತಾರೆ. ಮುಂದಿನದು ದೇವಿಮನೆ ಘಟ್ಟ. ಘಟ್ಟದಲ್ಲಿ ದೇವಿಯ ಗುಡಿ, ಆಮೇಲೆ ರಾಗಿಹೊಸಳ್ಳಿ, ಬಂಡಲ, ಅಮ್ಮಿನಳ್ಳಿ, ಕೊನೆಗೆ ಶಿರಸಿ. ಕುಮಟಾದಿಂದ ಇಲ್ಲಿಗೆ ಸುಮಾರು 60 ಕಿಲೋಮೀಟರ್. ಸಮುದ್ರದ ಅಂಚಿನಿಂದ ಹೊರಟವರು ಸುಮಾರು 590 ಮೀಟರ್ ಎತ್ತರ ಏರಿರುತ್ತಾರೆ.

ಶಿರಸಿಯಿಂದ ಆಚೆಗೆ ಎಕ್ಕಂಬಿ, ಮಳಗಿ, ಪಾಳಾ, ಮುಂಡಗೋಡ, ತಡಸ. ಅಡಿಕೆ ತೋಟ ಮುಗಿದು ತೇಗದ ಕಾಡು, ಅದೂ ಮುಗಿದು ಬಯಲು. ಮುಂಡಗೋಡದ ಹತ್ತಿರ 1966ರಿಂದ ಟಿಬೆಟನ್ನರ ದೊಡ್ಡ ನೆಲೆ ಇದೆ. ತಡಸದಲ್ಲಿ ಪುಣೆ–ಬೆಂಗಳೂರು ಹೆದ್ದಾರಿಗೆ ಸೇರಿದರೆ ಹುಬ್ಬಳ್ಳಿ ಅರ್ಧ ಗಂಟೆ. ಒಟ್ಟು ಲೆಕ್ಕ ಹಾಕಿದರೆ ಕುಮಟಾದಿಂದ ಹುಬ್ಬಳ್ಳಿಗೆ 160 ಕಿಲೋಮೀಟರ್ ಆಸುಪಾಸು. ಹತ್ತಿ ತುಂಬಿದ ಚಕ್ಕಡಿ ದಿನಕ್ಕೆ 20 ಕಿಲೋಮೀಟರ್ ನಡೆಯಿತು ಎಂದಿಟ್ಟುಕೊಂಡರೂ ಎಂಟು ದಿನದ ಹಾದಿ. ನಡುವೆ ಎತ್ತಿಗೆ ಮೇವು, ನೀರು, ರಾತ್ರಿ ತಂಗಲು ಬಯಲು ಬೇಕು. ಶಿರಸಿ ಈ ಹಾದಿಯ ನಡುವಿನ ದೊಡ್ಡ ನಿಲ್ದಾಣವಾದದ್ದರಲ್ಲಿ ಆಶ್ಚರ್ಯವಿಲ್ಲ.

ಹತ್ತಿಯ ಅವಸರ

ಈ ಪ್ರಕರಣದ ಗಂಟು ಇರುವುದು ಕ್ಯಾಲೆಂಡರಿನಲ್ಲಿ. ಧಾರವಾಡ ಸೀಮೆಯಲ್ಲಿ ಜವಾರಿ ಹತ್ತಿ ಬಿತ್ತುತ್ತಿದ್ದದ್ದು ಆಗಸ್ಟ್–ಸೆಪ್ಟೆಂಬರ್‌ನಲ್ಲಿ. ಬಿಡಿಸುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಬಿಡಿಸಿ, ಕಾಳು ತೆಗೆದು, ಅಂಡಗಿ (ದೊಡ್ಡ ಮೂಟೆ) ಕಟ್ಟಿ ಹೊರಡಿಸುವಷ್ಟರಲ್ಲಿ ಮಾರ್ಚ್ ದಾಟುತ್ತದೆ. ಇತ್ತ ಕುಮಟಾ ತೆರೆದ ಕಡಲಿನ ಬಂದರು, ಅಲೆ ತಡೆಯಲು ಏನೂ ಇಲ್ಲ. ಪತ್ತೆಮಾರಿ, ಮಚವೆ ಎಂಬ ಹಾಯಿಹಡಗುಗಳು ದೂರದಲ್ಲಿ ಲಂಗರು ಹಾಕಿ ನಿಂತರೆ ಸಣ್ಣ ದೋಣಿಗಳಲ್ಲಿ ಸರಕು ಸಾಗಿಸಿ ಏರಿಸಬೇಕು. ಮೇ ಕೊನೆಗೆ ಕಡಲು ಏಳುತ್ತದೆ, ಬಂದರು ಬಂದ್. ಅಂದರೆ ಹತ್ತಿ ಘಟ್ಟ ಇಳಿದು ಮುಂಬೈಗೆ ಹೊರಡಲು ಸಿಗುತ್ತಿದ್ದದ್ದು ಎರಡು ತಿಂಗಳು, ಹೆಚ್ಚೆಂದರೆ ಎರಡೂವರೆ. ಅಷ್ಟರಲ್ಲಿ ತಲುಪದ ಹತ್ತಿ ಮಳೆಗಾಲವಿಡೀ ಕುಮಟಾದ ಉಗ್ರಾಣದಲ್ಲಿ ತೇವ ಕುಡಿಯುತ್ತ ಬಿದ್ದಿರಬೇಕು.

ಚಕ್ಕಡಿ ಹೋಗುವ ರಸ್ತೆ ಇಲ್ಲದಿದ್ದಾಗ ಎಲ್ಲವೂ ಹೇರೆತ್ತಿನ ಬೆನ್ನ ಮೇಲೆ. ಒಂದು ಜೊತೆ ಎತ್ತು ಬೆನ್ನ ಮೇಲೆ ಹೊರುವುದಕ್ಕಿಂತ ಎಷ್ಟೋ ಪಾಲು ಹೆಚ್ಚನ್ನು ಚಕ್ಕಡಿಯಲ್ಲಿ ಎಳೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಹೇರೆತ್ತಿನ ಮೇಲಿನ ಮೂಟೆಯನ್ನು ದಿನಾ ಸಂಜೆ ಇಳಿಸಬೇಕು, ಬೆಳಿಗ್ಗೆ ಏರಿಸಬೇಕು. ಇಳಿಸಿದಾಗಲೆಲ್ಲ ಧೂಳು, ಹುಲ್ಲು, ಕಸ ಸೇರುತ್ತದೆ. ಧಾರವಾಡದ ಹತ್ತಿಗೆ ‘ಹೊಲಸು ಹತ್ತಿ’ ಎಂಬ ಕೆಟ್ಟ ಹೆಸರು ಬರಲು ದಲ್ಲಾಳಿಗಳ ಬೆರಕೆಯ ಜೊತೆ ಈ ಹಾದಿಯ ಪಾಲೂ ಇತ್ತು. ಬೆರಕೆ ತಡೆಯಲೆಂದೇ ಮುಂಬೈ ಸರ್ಕಾರ 1863ರಲ್ಲಿ ಒಂದು ಕಾಯ್ದೆ ಮಾಡಿತು. ಕಾಯ್ದೆಗಿಂತ ಒಂದು ಒಳ್ಳೆಯ ರಸ್ತೆ ಹೆಚ್ಚು ಕೆಲಸ ಮಾಡುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ರಸ್ತೆ ಯಾಕೆ ತಡವಾಯಿತು ಎಂಬುದಕ್ಕೆ ಉತ್ತರ ನಕ್ಷೆಯಲ್ಲಿದೆ. ಹತ್ತಿ ಬೆಳೆಯುವ ಧಾರವಾಡ ಮುಂಬೈ ಪ್ರಾಂತಕ್ಕೆ ಸೇರಿತ್ತು. ಘಟ್ಟವೂ ಬಂದರೂ ಇದ್ದ ಕೆನರಾ ಮದರಾಸು ಪ್ರಾಂತಕ್ಕೆ. ಧಾರವಾಡದ ಹತ್ತಿ ಕುಮಟಾ ತಲುಪಿದರೆ ಮದರಾಸಿಗೆ ಅದರಿಂದ ಹೇಳಿಕೊಳ್ಳುವ ಲಾಭವಿಲ್ಲ, ಆದರೆ ರಸ್ತೆಯ ಖರ್ಚು ಅದರದ್ದೇ. ಮುಂಬೈಗೆ ಲಾಭವಿದೆ, ಆದರೆ ಗಡಿಯ ಆಚೆ ಗುದ್ದಲಿ ಹಾಕುವ ಅಧಿಕಾರವಿಲ್ಲ. ಎರಡು ಪ್ರಾಂತಗಳ ನಡುವೆ ಘಟ್ಟ ಅನಾಥವಾಗಿ ಉಳಿಯಿತು.

ಇದನ್ನು ಬಿಡಿಸಿದ್ದು ಸಾವಿರಾರು ಮೈಲಿ ದೂರದ ಯುದ್ಧ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳ ಕಣ್ಣು ಧಾರವಾಡದ ಮೇಲೆ ಬಿತ್ತು. ಅಲ್ಲಿ 1840ರ ದಶಕದಿಂದಲೇ ಅಮೆರಿಕನ್ ಬೀಜದ ಹತ್ತಿಯನ್ನೂ ಬೆಳೆಸತೊಡಗಿದ್ದರು. ಮ್ಯಾಂಚೆಸ್ಟರಿನ ವ್ಯಾಪಾರಿಗಳು ಒತ್ತಾಯ ಹಾಕಿದರು. 1862ರಲ್ಲಿ ಉತ್ತರ ಕೆನರಾವನ್ನು ಮದರಾಸಿನಿಂದ ತೆಗೆದು ಮುಂಬೈ ಪ್ರಾಂತಕ್ಕೆ ಸೇರಿಸಿದರು. ನಮ್ಮ ಉತ್ತರ ಕನ್ನಡ ಜಿಲ್ಲೆ ದಕ್ಷಿಣ ಕನ್ನಡಕ್ಕಿಂತ ಧಾರವಾಡ, ಬೆಳಗಾವಿಯ ಜೊತೆಗೆ ಹೆಚ್ಚು ಹೊಂದಿಕೊಂಡಿರುವುದಕ್ಕೆ, ಇಲ್ಲಿನ ಹಳೆಯ ಕಚೇರಿ ಕಾಗದಗಳಲ್ಲಿ ಮರಾಠಿ ಮಾತುಗಳು ನುಸುಳಿರುವುದಕ್ಕೆ ಈ ಹತ್ತಿಯೂ ಒಂದು ಕಾರಣ. ಒಂದು ಇಡೀ ಜಿಲ್ಲೆಯನ್ನು ರಸ್ತೆಗಾಗಿ ಒಂದು ಸರ್ಕಾರದಿಂದ ಇನ್ನೊಂದಕ್ಕೆ ಎತ್ತಿ ಕೊಟ್ಟ ಇಂಥ ಉದಾಹರಣೆಗಳು ಹೆಚ್ಚು ಸಿಗುವುದಿಲ್ಲ.

ಆಗ ಅಧಿಕಾರಿಗಳ, ಮ್ಯಾಂಚೆಸ್ಟರಿನವರ ಮನಸ್ಸು ಇದ್ದದ್ದು ಕಾರವಾರದ ಮೇಲೆ. ಅಲ್ಲಿ ಸದಾಶಿವಗಡದ ಮಗ್ಗುಲಲ್ಲಿ ನಿಜವಾದ ರೇವು ಇದೆ, ಅಲ್ಲಿಂದ ಘಟ್ಟಕ್ಕೆ ರಸ್ತೆ ಮಾಡಿ ಕುಮಟಾವನ್ನು ಬದಿಗೆ ಸರಿಸೋಣ ಎಂಬ ಲೆಕ್ಕ. ಮ್ಯಾಂಚೆಸ್ಟರಿನ ಹತ್ತಿ ಕಂಪನಿಯ ಯಂತ್ರಗಳು ಸದಾಶಿವಗಡಕ್ಕೆ ಬಂದಾಗ ರಸ್ತೆ ಇನ್ನೂ ಮುಗಿದಿರಲಿಲ್ಲ. ವ್ಯಾಪಾರಿಗಳು ಕುಮಟಾ ಬಿಡಲೂ ಇಲ್ಲ. ಅವರ ಉಗ್ರಾಣ, ದಲ್ಲಾಳಿ, ದೋಣಿಯವರು, ಹುಂಡಿ ವ್ಯವಹಾರ ಎಲ್ಲ ಅಲ್ಲೇ ಇತ್ತು. ಕುಮಟಾದ ಕಡಲತಡಿಗೆ ಇಂದಿಗೂ ‘ಹೆಡ್ ಬಂದರ್’ ಎಂದೇ ಹೆಸರು. ಸಂಜೆ ಅಲ್ಲಿಗೆ ಮಕ್ಕಳನ್ನು ಆಡಿಸಲು ಹೋಗುವವರಲ್ಲಿ ಆ ಹೆಸರಿನ ಹಿಂದೆ ಒಂದು ಕಾಲದ ಹತ್ತಿಯ ರಾಶಿಗಳಿವೆ ಎಂದು ಯೋಚಿಸುವವರು ಕಡಿಮೆ.

ಅಮೆರಿಕದ ಯುದ್ಧ 1865ರಲ್ಲಿ ಮುಗಿಯಿತು. ದರ ಬಿತ್ತು, ಅದೇ ವರ್ಷ ಮುಂಬೈಯ ಷೇರುಪೇಟೆಯೂ ಮುಳುಗಿತು. ಕುಮಟಾ ಆಗಲೂ ಸಾಯಲಿಲ್ಲ, ಇನ್ನೂ ಎರಡು ದಶಕ ಹತ್ತಿ ಘಟ್ಟ ಇಳಿಯುತ್ತಲೇ ಇತ್ತು. ಅದನ್ನು ಮುಗಿಸಿದ್ದು ರೈಲು. 1880ರ ದಶಕದ ಕೊನೆಗೆ ಹುಬ್ಬಳ್ಳಿಯಿಂದ ಕ್ಯಾಸಲ್‌ರಾಕ್ ಮೂಲಕ ಗೋವಾದ ಮೊರ್ಮುಗಾಂವ್‌ಗೆ ಹಳಿ ಮುಟ್ಟಿತು. ಎಂಟು ದಿನದ ಚಕ್ಕಡಿ ಹಾದಿ, ಮಳೆಗಾಲದ ಭಯ, ದೋಣಿ ಏರಿಸುವ ಕೂಲಿ ಯಾವುದೂ ಬೇಡವಾಯಿತು. ಬಂದರು ಕೆಲವೇ ವರ್ಷಗಳಲ್ಲಿ ಬಡವಾಯಿತು. ಹೆಸರು ಮಾತ್ರ ಹತ್ತಿಯ ತಳಿಗೆ ಅಂಟಿಕೊಂಡು ಇಪ್ಪತ್ತನೇ ಶತಮಾನದಲ್ಲೂ ಉಳಿಯಿತು.

ಹತ್ತಿ ಹೋದ ಮೇಲೆ

ಯಾವ ಕೆಲಸಕ್ಕೆಂದು ಮಾಡಿದರೋ ಆ ಕೆಲಸ ನಿಂತುಹೋದ ಮೇಲೆ ರಸ್ತೆ ಹಾಳು ಬೀಳಬೇಕಿತ್ತು. ಹಾಗೆ ಕಾಡಿನಲ್ಲಿ ಕರಗಿಹೋದ ಘಟ್ಟದ ದಾರಿಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ದೇವಿಮನೆ ಉಳಿಯಿತು.

ಮೊದಲ ಕಾರಣ ಉಪ್ಪು. ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ ಅಘನಾಶಿನಿಯ ಅಳಿವೆಯ ನೀರನ್ನು ಆಗರಗಳಿಗೆ ಬಿಟ್ಟು ಉಪ್ಪು ತೆಗೆಯುವುದು ಬಹಳ ಹಳೆಯ ಕೆಲಸ. ಬೇಸಿಗೆಯಲ್ಲಿ ಉಪ್ಪು ಏಳುತ್ತದೆ, ಮಳೆ ಬೀಳುವ ಮೊದಲು ಘಟ್ಟ ಹತ್ತಬೇಕು. ಹತ್ತಿಯ ಕಾಲದಲ್ಲೂ ಸರಕು ಇಳಿಸಿ ಖಾಲಿಯಾದ ಚಕ್ಕಡಿಗೆ ಇದಕ್ಕಿಂತ ಒಳ್ಳೆಯ ವಾಪಸು ಬಾಡಿಗೆ ಇನ್ನೊಂದಿರಲಿಲ್ಲ. ಮನುಷ್ಯರಿಗಷ್ಟೇ ಅಲ್ಲ, ದನಕ್ಕೂ, ತೆಂಗಿನ ಬುಡಕ್ಕೂ ಘಟ್ಟದ ಮೇಲಿನವರಿಗೆ ಉಪ್ಪು ಬೇಕು. ನಮ್ಮ ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಗೆ ಅಮ್ಮ ಈಗಲೂ ಸಾಣಿಕಟ್ಟಾದ ಕಂದುಬಣ್ಣದ ಹರಳುಪ್ಪನ್ನೇ ಕೇಳುತ್ತಾಳೆ. ಪ್ಯಾಕೆಟ್ ಉಪ್ಪು ಹಾಕಿದರೆ ಮಿಡಿ ಮೆತ್ತಗಾಗುತ್ತದೆ ಎಂಬುದು ಅವಳ ನಂಬಿಕೆ. ಉಪ್ಪಿನ ಹಿಂದೆಯೇ ಒಣಮೀನು, ತೆಂಗಿನಕಾಯಿ, ಹಂಚು ಮೇಲೆ ಬಂದವು.

ಎರಡನೆಯದು ಅಡಿಕೆ. ಶಿರಸಿಯಲ್ಲಿ 1923ರಲ್ಲಿ ತೋಟಿಗರ ಸಹಕಾರಿ ಮಾರಾಟ ಸಂಘ ಶುರುವಾಯಿತು. ಊರೆಲ್ಲ ‘ಟಿಎಸ್‌ಎಸ್’ ಎನ್ನುವುದು ಇದನ್ನೇ. ಬೆಳೆಗಾರನೇ ತನ್ನ ಚಾಲಿ, ಕೆಂಪಡಿಕೆಯನ್ನು ತಂದು ಎದುರಿಗೇ ಟೆಂಡರ್ ಹಾಕಿಸಿ ಮಾರುವ ಪದ್ಧತಿ ಬಂದ ಮೇಲೆ ಶಿರಸಿ ಪೇಟೆಯೇ ಬದಲಾಯಿತು. ಇಲ್ಲಿ ಗಮನಿಸಬೇಕಾದದ್ದು ಸರಕು ಸಾಗುವ ದಿಕ್ಕು. ಹತ್ತಿ ಪೂರ್ವದಿಂದ ಪಶ್ಚಿಮಕ್ಕೆ, ಕಡಲಿನತ್ತ ಹರಿಯಿತು. ಅಡಿಕೆ ಅದೇ ರಸ್ತೆಯಲ್ಲಿ ಉಲ್ಟಾ ಹೊರಟಿತು: ಮುಂಡಗೋಡ, ತಡಸ, ಹುಬ್ಬಳ್ಳಿ, ಅಲ್ಲಿಂದ ಉತ್ತರ ಭಾರತದ ಪೇಟೆಗಳಿಗೆ. ಬಂದರಿಗಾಗಿ ಮಾಡಿದ ರಸ್ತೆ ಬಂದರಿಗೆ ಬೆನ್ನು ಹಾಕಿ ಬದುಕಿಕೊಂಡಿತು.

ಮೂರನೆಯದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಆಸ್ಪತ್ರೆ. ಉತ್ತರ ಕನ್ನಡಕ್ಕೆ ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಎಷ್ಟು ವರ್ಷಗಳಿಂದ ಕೂಗುತ್ತಿದ್ದಾರೆ ಎಂಬುದು ಜಿಲ್ಲೆಯ ಎಲ್ಲರಿಗೂ ಗೊತ್ತು. ಶಿರಸಿಯಲ್ಲಿ ಒಬ್ಬರಿಗೆ ತಲೆಗೆ ಪೆಟ್ಟು ಬಿದ್ದರೆ ದಾರಿ ಎರಡೇ. ಒಂದು, ಮುಂಡಗೋಡ–ತಡಸದ ಮೇಲೆ ಹುಬ್ಬಳ್ಳಿ. ಇನ್ನೊಂದು, ಘಟ್ಟ ಇಳಿದು ಮಣಿಪಾಲ, ಮಂಗಳೂರು. ಅಂದರೆ ಈ ಹೆದ್ದಾರಿಯ ಯಾವ ತುದಿಗೆ ಓಡುವುದು ಎಂಬುದೇ ಪ್ರಶ್ನೆ. ನನ್ನ ಸೋದರಮಾವನನ್ನು ಒಂದು ಜುಲೈ ರಾತ್ರಿ ಕೆಳಗೆ ಕರೆದೊಯ್ಯುವಾಗ ಘಟ್ಟದಲ್ಲಿ ಮರ ಬಿದ್ದು ಒಂದೂವರೆ ಗಂಟೆ ನಿಂತಿದ್ದೆವು. ಮುಂದಿದ್ದ ಲಾರಿಯ ಡ್ರೈವರ್ ಕತ್ತಿ ತೆಗೆದು ಇಳಿದ. ಹಿಂದಿನ ಬಸ್ಸಿನವರೂ ಇಳಿದರು. ಯಾರೂ ಯಾರಿಗೂ ಪರಿಚಯವಿಲ್ಲ. ಮಳೆಯಲ್ಲಿ, ಹೆಡ್‌ಲೈಟಿನ ಬೆಳಕಿನಲ್ಲಿ ಕೊಂಬೆ ಕಡಿದು ಎಳೆದು ಮೊದಲು ಆಂಬುಲೆನ್ಸ್‌ಗೆ ದಾರಿ ಬಿಟ್ಟರು. ಮಾವ ಬದುಕಿದರು. ಆ ರಾತ್ರಿಯ ನಂತರ ಈ ರಸ್ತೆಯನ್ನು ನಾನು ಕಿಟಕಿಯಿಂದ ನೋಡುವ ದೃಶ್ಯವಾಗಿ ಕಂಡಿಲ್ಲ.

ಗುಡ್ಡ ಹೇಗೆ ಕುಸಿಯುತ್ತದೆ

ಕಳೆದ ದಶಕದಲ್ಲಿ ಕುಮಟಾ–ಶಿರಸಿ ಭಾಗ ಹಾವೇರಿವರೆಗಿನ ರಾಷ್ಟ್ರೀಯ ಹೆದ್ದಾರಿ 766ಇ ಆಯಿತು. ಅಗಲೀಕರಣಕ್ಕೆ ದುಡ್ಡು ಬಂದದ್ದು ಕೇಂದ್ರದ ಬಂದರು ಯೋಜನೆಯಾದ ಸಾಗರಮಾಲಾದಲ್ಲಿ, ಅಂಕೋಲಾ ತಾಲೂಕಿನ ಬೇಲೆಕೇರಿ ಬಂದರಿಗೆ ಸಂಪರ್ಕ ಎಂಬ ಹೆಸರಿನಲ್ಲಿ. ಮತ್ತೆ ಬಂದರು. ಕಬ್ಬಿಣದ ಅದಿರಿನ ಅಕ್ರಮ ಸಾಗಣೆಯ ಕಾಲದಲ್ಲಿ ಇಡೀ ರಾಜ್ಯಕ್ಕೆ ಗೊತ್ತಾದ ಬೇಲೆಕೇರಿ ಅದೇ.

ಅಗಲೀಕರಣ ಬೇಡ ಎಂದು ನಾನು ಹೇಳುವವನಲ್ಲ. ಎದುರು ಬದುರಾದ ಎರಡು ಬಸ್ಸುಗಳು ತಿರುವಿನಲ್ಲಿ ಹಿಂದೆ ಸರಿದು ದಾರಿ ಕೊಡಬೇಕಾದ ರಸ್ತೆ ಈ ಕಾಲಕ್ಕೆ ಸಾಲದು. ಆದರೆ ಗುಡ್ಡವನ್ನು ಹೇಗೆ ಕಡಿಯಬೇಕು ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಹಳೆಯ ರಸ್ತೆಯನ್ನು ನೋಡಬೇಕು.

ಚಕ್ಕಡಿಯ ರಸ್ತೆಗೆ ಒಂದು ಕಡ್ಡಾಯವಿತ್ತು: ಏರು ಮೆಲ್ಲಗಿರಬೇಕು, ಇಲ್ಲದಿದ್ದರೆ ಎತ್ತು ನಿಂತುಬಿಡುತ್ತದೆ. ಹಾಗಾಗಿ ರಸ್ತೆ ಗುಡ್ಡದ ಮೈಯನ್ನು ಅನುಸರಿಸಿ ಸುತ್ತಿ ಸುತ್ತಿ ಹೋಗುತ್ತಿತ್ತು. ಎದುರಿಗೆ ಗುಡ್ಡ ಬಂದರೆ ಬಳಸಿಕೊಂಡು ಹೋಗು, ಕಣಿವೆ ಬಂದರೆ ಒಳಗೆ ಹೋಗಿ ಹೊರಗೆ ಬಾ. ದೂರ ಹೆಚ್ಚು, ಕಡಿತ ಕಡಿಮೆ. ಪ್ರತಿ ಕಣಿವೆಯ ಮೂಲೆಯಲ್ಲಿ ನೀರು ದಾಟಲು ಕಲ್ಲಿನ ಮೋರಿ. ಒಂದು ತಿರುವಿನಲ್ಲಿ ಇಳಿದು ಅಂಥ ಹಳೆಯ ಮೋರಿಯೊಂದನ್ನು ನೋಡಿದ್ದೇನೆ. ಕೆತ್ತಿದ ಕಲ್ಲುಗಳ ಕಮಾನು, ಒಬ್ಬ ಬಗ್ಗಿ ಒಳಗೆ ಹೋಗುವಷ್ಟು ಎತ್ತರ. ಕಲ್ಲಿನ ಮೇಲೆ ಹಾವಸೆ ದಪ್ಪಗೆ ಬೆಳೆದಿತ್ತು, ಒಳಗೆ ಒಂದು ಎಲೆಯೂ ಕಟ್ಟಿಕೊಂಡಿರಲಿಲ್ಲ. ಯಾರೋ ಗ್ಯಾಂಗ್‌ಮನ್ ಪ್ರತಿ ಮೇ ತಿಂಗಳಲ್ಲಿ ಅದನ್ನು ಬಿಡಿಸುತ್ತಿದ್ದ ಕಾಲ ಇತ್ತು ಎಂಬುದು ಆ ಅಗಲ ನೋಡಿದರೇ ತಿಳಿಯುತ್ತದೆ.

ಅಲ್ಲಿಂದ ಸ್ವಲ್ಪ ಮುಂದೆ ಹೊಸದಾಗಿ ಕಡಿದ ಗುಡ್ಡ. ಹತ್ತಿರ ಹೋಗಿ ನೋಡಿದೆ. ಮೇಲೆ ಒಂದು ಮಾರು ಕಪ್ಪು ಮಣ್ಣು, ಬೇರುಗಳು ಗಾಳಿಯಲ್ಲಿ ಜೋತಾಡುತ್ತಿವೆ. ಅದರ ಕೆಳಗೆ ಕೆಂಪು ಜಂಬಿಟ್ಟಿಗೆ, ಗೂಡು ಗೂಡಾಗಿ ಗಟ್ಟಿ. ಅದಕ್ಕೂ ಕೆಳಗೆ ಗುಲಾಬಿ ಮಿಶ್ರಿತ ಬಿಳಿ ಶೇಡಿ ಮಣ್ಣು. ಬೆರಳಿನಿಂದ ಒತ್ತಿದರೆ ಕಲೆಸಿದ ಹಿಟ್ಟಿನ ಹಾಗೆ ಒಳಗೆ ಹೋಯಿತು. ಜಂಬಿಟ್ಟಿಗೆಗೂ ಶೇಡಿಗೂ ನಡುವಿನ ಗೆರೆಯಲ್ಲಿ ಸಣ್ಣಗೆ ನೀರು ಒಸರುತ್ತಿತ್ತು. ಮಳೆ ನಿಂತು ಎರಡು ತಿಂಗಳಾಗಿತ್ತು.

ನಡೆಯುವುದು ಇಷ್ಟೇ. ಮಳೆನೀರು ಜಂಬಿಟ್ಟಿಗೆಯ ಗೂಡುಗಳಲ್ಲಿ ಇಳಿದು ಶೇಡಿಯ ಮೇಲೆ ನಿಲ್ಲುತ್ತದೆ, ಏಕೆಂದರೆ ಶೇಡಿ ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಗುಡ್ಡ ಇಡಿಯಾಗಿದ್ದಾಗ ಆ ನೀರು ಮೆಲ್ಲಗೆ ಬದಿಗೆ ಹರಿದು ಎಲ್ಲೋ ಒರತೆಯಾಗಿ ಏಳುತ್ತದೆ. ಬುಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದರೆ ಶೇಡಿ ಬತ್ತಲಾಗುತ್ತದೆ. ನೆನೆದು, ಮೆತ್ತಗಾಗಿ, ಮೇಲಿನ ಗಟ್ಟಿ ಪದರವನ್ನೂ ಮರಗಳನ್ನೂ ಹೊತ್ತುಕೊಂಡೇ ಜಾರುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಕರಾವಳಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದು, ಚಹಾ ಅಂಗಡಿಯಲ್ಲಿದ್ದವರು, ಲಾರಿಯಲ್ಲಿದ್ದವರು ಗಂಗಾವಳಿ ನದಿಯ ಪಾಲಾದರು. ಅದೇ ಮಳೆಗಾಲದಲ್ಲಿ ಇತ್ತ ರಾಗಿಹೊಸಳ್ಳಿಯ ಹತ್ತಿರವೂ ಗುಡ್ಡ ಜಾರಿ ಶಿರಸಿ–ಕುಮಟಾ ಸಂಚಾರ ನಿಂತಿತು. ಇಲ್ಲಿ ಜೀವ ಹೋಗಲಿಲ್ಲ ಎಂಬುದೊಂದೇ ಸಮಾಧಾನ.

ಮದ್ದೂ ಗೊತ್ತಿರುವಂಥದ್ದೇ. ನೆಟ್ಟಗೆ ಕಡಿಯುವ ಬದಲು ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು, ಕಡಿತದ ನೆತ್ತಿಯ ಮೇಲೆ ಗಟಾರ ತೆಗೆದು ನೀರನ್ನು ಒಳಗೆ ಇಳಿಯದಂತೆ ಬದಿಗೆ ಒಯ್ಯುವುದು, ಗೋಡೆ ಕಟ್ಟಿದಲ್ಲಿ ಒಸರುವ ನೀರಿಗೆ ಕಿಂಡಿ ಬಿಡುವುದು, ಮೋರಿಗಳನ್ನು ಮಳೆಗೆ ಮುಂಚೆ ಬಿಡಿಸುವುದು. ಮೆಟ್ಟಿಲು ಕಡಿಯಲು ಹೆಚ್ಚು ಜಾಗ ಬೇಕು, ಅಂದರೆ ಹೆಚ್ಚು ಕಾಡು. ಸುತ್ತಲಿನದು ಸಾಮಾನ್ಯ ಕಾಡಲ್ಲ. ಸಿಂಗಳೀಕಗಳಿಗಾಗಿ 2011ರಲ್ಲಿ ಘೋಷಿಸಿದ ಅಘನಾಶಿನಿ ಸಂರಕ್ಷಿತ ಪ್ರದೇಶ ಈ ಕಣಿವೆಯದ್ದೇ. ಮರದಿಂದ ಮರಕ್ಕೆ ಹೋಗುವ ಆ ಪ್ರಾಣಿಗೆ ರಸ್ತೆಯ ಮೇಲೆ ಕೊಂಬೆಗಳು ಕೂಡಿರಬೇಕು. ಹಾಗಾಗಿ ನನ್ನ ಮಟ್ಟಿಗೆ ಉತ್ತರ ಸ್ಪಷ್ಟ: ಘಟ್ಟದ ಭಾಗದಲ್ಲಿ ಅಗಲವನ್ನು ಕಡಿಮೆ ಇಟ್ಟು, ವೇಗವನ್ನು ಬಿಟ್ಟುಕೊಟ್ಟು, ಉಳಿದ ದುಡ್ಡನ್ನು ನೀರಿನ ದಾರಿಗೆ ಹಾಕಬೇಕು. ಘಟ್ಟದಲ್ಲಿ ಹತ್ತು ನಿಮಿಷ ಉಳಿಸಿ ಯಾರಿಗೂ ಏನೂ ಆಗಬೇಕಾದ್ದಿಲ್ಲ. ವರ್ಷದ ಹನ್ನೆರಡೂ ತಿಂಗಳು ರಸ್ತೆ ತೆರೆದಿರಬೇಕು, ಅಷ್ಟೇ.

ಮುಚ್ಚಿದಾಗ

2024ರ ಕೊನೆಯಲ್ಲಿ ಬೆಣ್ಣೆಹೊಳೆಯಂಥ ಕಡೆ ಸೇತುವೆ ಕೆಲಸಕ್ಕೆಂದು ಘಟ್ಟದಲ್ಲಿ ಸಂಚಾರ ನಿಲ್ಲಿಸುವ ಆದೇಶ ಬಂತು. ಆಗ ಬದಲಿ ದಾರಿಗಳ ಪರೀಕ್ಷೆಯೂ ಆಯಿತು. ಯಲ್ಲಾಪುರ ಸುತ್ತಿ ಅರಬೈಲ್ ಘಟ್ಟ ಇಳಿಯಬಹುದು, ದೊಡ್ಡ ಲಾರಿಗಳಿಗೆ ಅದೇ ಗತಿ. ಸಿದ್ದಾಪುರದ ಮೇಲೆ ಮಾವಿನಗುಂಡಿಯಿಂದ ಹೊನ್ನಾವರ. ಸಣ್ಣ ಗಾಡಿಗಳಿಗೆ ದೊಡ್ಮನೆ ಘಟ್ಟ, ವಡ್ಡಿ ಘಟ್ಟ. ಈ ಕೊನೆಯ ಎರಡೂ ಕಿರಿದಾದ ದಾರಿಗಳು, ತಮ್ಮ ಊರಿನವರನ್ನು ಹೊರಲಷ್ಟೇ ಮಾಡಿದವು. ಕುಮಟಾದಿಂದ ಶಿರಸಿಯ ಕಾಲೇಜಿಗೆ ಬರುವವರು, ಶಿರಸಿಯಿಂದ ಕುಮಟಾ ಸ್ಟೇಷನ್ನಿಗೆ ಕೊಂಕಣ ರೈಲು ಹಿಡಿಯಲು ಹೋಗುವವರು, ಮೀನಿನ ಗಾಡಿಯವರು, ಎಲ್ಲರೂ ಈ ಸುತ್ತಿನಲ್ಲಿ ಬೆವರಿದರು. ಬೆಳಿಗ್ಗೆ ಎಂಟಕ್ಕೆ ಬರುತ್ತಿದ್ದ ಬಂಗುಡೆ ಹನ್ನೊಂದಕ್ಕೆ ಬಂದರೆ ಶಿರಸಿಯಲ್ಲಿ ಅದನ್ನು ಕೊಳ್ಳುವವರಿಲ್ಲ.

ಮಳೆಗಾಲದ ಮುಚ್ಚುಗಡೆಯ ರೀತಿ ಬೇರೆ. ಘಟ್ಟ ಸರಿಯಿದ್ದರೂ ಕೆಳಗೆ ಕತಗಾಲದಲ್ಲಿ ಚಂಡಿಕಾ ಹೊಳೆ ಉಕ್ಕಿ ರಸ್ತೆಯ ಮೇಲೆ ಬಂದುಬಿಡುತ್ತದೆ. ಬಸ್ಸುಗಳು ಎರಡೂ ಕಡೆ ಸಾಲಾಗಿ ನಿಲ್ಲುತ್ತವೆ. ನೀರು ಇಳಿಯುವವರೆಗೆ ಕಾಯುವುದು ಬಿಟ್ಟು ಮಾಡುವುದೇನೂ ಇಲ್ಲ.

ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಸಿಯಿಂದ ಕೆಳಗೆ ಹೊರಡುವ ಮೊದಲು ಎಲ್ಲರೂ ಒಂದು ಫೋನ್ ಮಾಡುತ್ತಾರೆ. ನನ್ನ ತಂಗಿಯೂ ಮಾಡುತ್ತಾಳೆ. ಅವಳ ಮಾವನ ಮನೆ ಕತಗಾಲದ ಹತ್ತಿರ. “ಘಟ್ಟ ಓಪನ್ ಇದ್ದಾ ಮಾವ?” ಆಚೆಯಿಂದ ಮಾವ ತಕ್ಷಣ ಉತ್ತರ ಕೊಡುವುದಿಲ್ಲ. ಕೊಡೆ ಹಿಡಿದು ಅಂಗಳ ದಾಟಿ ರಸ್ತೆಯವರೆಗೆ ಹೋಗುತ್ತಾರೆ. ಶಿರಸಿ ಬೋರ್ಡಿನ ಬಸ್ಸೊಂದು ಮೇಲಿನಿಂದ ಇಳಿದು ಬರುವುದನ್ನು ಕಣ್ಣಾರೆ ಕಂಡ ಮೇಲೆಯೇ “ಬಾ” ಎನ್ನುತ್ತಾರೆ.